ಸುವರ್ಣಗಡ್ಡೆಯ ಆರು ತಿಂಗಳು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆಯಲ್ಲಿ ಅಪ್ಪನದು ಏಲಕ್ಕಿ ವ್ಯಾಪಾರ. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕೂತರೆ ಊಟಕ್ಕೊಮ್ಮೆ ಬಿಟ್ಟು ಸಂಜೆಯವರೆಗೂ ಏಳುತ್ತಿರಲಿಲ್ಲ. ಆ ವರ್ಷ ಅವರಿಗೆ ಮಲದಲ್ಲಿ ರಕ್ತ ಬೀಳತೊಡಗಿತು. ಮೂಲವ್ಯಾಧಿ ಎಂದು ನೆಂಟರೆಲ್ಲ ಕೂತಲ್ಲೇ ತೀರ್ಪು ಕೊಟ್ಟರು. ಒಬ್ಬರು ಕಾಫಿಯ ಉಷ್ಣ ಎಂದರು, ಇನ್ನೊಬ್ಬರು ಹಸಿಮೆಣಸಿನಕಾಯಿ ಎಂದರು. ಕಾರಣ ಹೇಳಲು ನಮ್ಮವರಿಗೆ ರೋಗಿಯನ್ನು ನೋಡುವ ಅಗತ್ಯವೂ ಇರಲಿಲ್ಲ.

ನನಗಾಗ ಹದಿನಾರು. ಹಠ ಹಿಡಿದು, ಗೋಳಾಡಿ, ಅಪ್ಪ ಅವ್ವನನ್ನು ಮಡಿಕೇರಿಯ ಡಾಕ್ಟರ ಬಳಿಗೆ ಹೊರಡಿಸಿದೆ. ಚೀಟಿ ಓದಲು ಒಬ್ಬರು ಬೇಕೆಂದು ನಾನೂ ಬಸ್ಸು ಹತ್ತಿದೆ.

ಡಾಕ್ಟರು ಒಂದೊಂದಾಗಿ ಕೇಳಿದರು. ಮಾಂಸ? ಶಿವಭಕ್ತರ ಮನೆ, ಮುಟ್ಟುವುದಿಲ್ಲ ಎಂದು ಅಪ್ಪ ಎದೆಯುಬ್ಬಿಸಿದರು. ಹೆಂಡ? ಅದೂ ಇಲ್ಲ. ಬೀಡಿ? ಎಲ್ಲೋ ಒಂದೆರಡು. ದಿನಕ್ಕೊಂದು ಕಟ್ಟು ಮುಗಿಸುವ ಮನುಷ್ಯ! ನನಗೆ ರೇಗಿತು. ಕೊನೆಗೆ, ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದರು.

ಆಗಿತ್ತು. ಅಪ್ಪನ ತಾಯಿ ಹೀಗೇ ರಕ್ತ ಹೋಗಿ ಸತ್ತಿದ್ದರು. ದೊಡ್ಡಪ್ಪ ನಲವತ್ತೆರಡನೆಯ ವಯಸ್ಸಿಗೇ ಹೋದದ್ದೂ ಹಾಗೆಯೇ. ಮನೆಯಲ್ಲಿ ಅದನ್ನು ಹೊಟ್ಟೆಶೂಲೆ ಎಂದು ಕರೆದು ಮುಚ್ಚಿಟ್ಟಿದ್ದರು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅವ್ವ ಮುಂದಾದರು.

"ನಮ್ಮನೇಲಿ ಯಾರ್ಗೂ ಇಲ್ಲ ಡಾಕ್ಟ್ರೆ."

ಪಕ್ಕದಲ್ಲಿ ಔಷಧಿ ಬೆರೆಸುತ್ತಿದ್ದ ಕಾಂಪೌಂಡರು ಕುಶಾಲನಗರದ ಕಡೆಯವರು. ಅದೇ ಊರಿನಲ್ಲಿ ಅಕ್ಕನಿಗೆ ಸಂಬಂಧ ಮಾತಾಗಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಮ್ಮವ್ವನಿಗೆ ಒಂದೇ ಸಾಕಾಯಿತು. ಅಪ್ಪ ತಲೆ ತಗ್ಗಿಸಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ಹಾಗಾದರೆ ಸದ್ಯಕ್ಕೆ ಮೂಲವ್ಯಾಧಿಯೆಂದೇ ನೋಡೋಣ, ಮನೆತನದಲ್ಲಿ ಇದ್ದಿದ್ದರೆ ಇಂದೇ ಮೈಸೂರಿಗೆ ಕಳಿಸುತ್ತಿದ್ದೆ ಎಂದು ಡಾಕ್ಟರು ಮುಲಾಮು ಬರೆದುಕೊಟ್ಟರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವ್ವ ಬಸ್ಸಿನಲ್ಲಿ ಹಗುರಾಗಿ ನಕ್ಕರು.

ಮೂಲವ್ಯಾಧಿಗೆ ಸುವರ್ಣಗಡ್ಡೆ ಒಳ್ಳೆಯದೆಂದು ಆಮೇಲೆ ಆರು ತಿಂಗಳು ಮನೆಯಲ್ಲಿ ಅದರದೇ ಅಡುಗೆ. ನೋಡಲು ಬಂದವರೂ ಒಂದೊಂದು ಗಡ್ಡೆ ಹಿಡಿದೇ ಬರುತ್ತಿದ್ದರು. ಅಪ್ಪನ ಅಂಗಿ ಮೈಮೇಲೆ ಜೋತುಬಿತ್ತು. ಅಕ್ಕನ ಧಾರೆಯ ದಿನ ಕೂರಲಾಗದೆ ಕಂಬಕ್ಕೊರಗಿ ನಿಂತಿದ್ದರು. ಮದುವೆ ಮುಗಿದ ವಾರವೇ ಮೈಸೂರಿಗೆ ಕರೆದೊಯ್ದೆವು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟು, ಕೈಮೀರಿದೆ ಎಂದರು. ಯುಗಾದಿಗೆ ಅಪ್ಪ ಇರಲಿಲ್ಲ. ಮಾಂಸ ತಿನ್ನದವರಿಗೆ ಇದು ಹೇಗೆ ಬಂತು ಎಂದು ತಿಥಿಯ ಊಟದಲ್ಲೂ ಜನ ಕೇಳುತ್ತಿದ್ದರು. ನನಗೆ ಎಲೆ ಎತ್ತಿ ಎಸೆಯುವಷ್ಟು ಸಿಟ್ಟು ಬಂದಿತ್ತು.

ಇಪ್ಪತ್ತೈದು ವರ್ಷ ಕಳೆದ ಮೇಲೆ ಒಂದು ದಿನ ಅಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವಳು ಕೈಗೆ ಎಣ್ಣೆ ಸವರಿಕೊಂಡು ಸುವರ್ಣಗಡ್ಡೆ ಹೆಚ್ಚುತ್ತಿದ್ದಳು. ಯಾರಿಗೆಂದು ಕೇಳಿದೆ. ನನಗೇ, ಸ್ವಲ್ಪ ಮೂಲವ್ಯಾಧಿ, ಮಗಳ ಮದುವೆ ಮುಗಿಯಲಿ ಆಮೇಲೆ ತೋರಿಸಿದರಾಯಿತು ಎಂದಳು.

ಮರುದಿನವೇ ಮೈಸೂರಿಗೆ ಎಳೆದೊಯ್ದೆ. ಬೀಗತಿಯಾಗುವಾಕೆಯೂ ಜೊತೆಗೆ ಬಂದರು. ಅಲ್ಲಿಯ ಡಾಕ್ಟರು ಅದೇ ಪ್ರಶ್ನೆ ಕೇಳಿದಾಗ ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ನಾನು ಬಾಯಿಬಿಟ್ಟೆ: ಅಜ್ಜಿ, ದೊಡ್ಡಪ್ಪ, ಅಪ್ಪ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಬೀಡಿ, ಕೂತಲ್ಲೇ ಕೂರುವುದು, ವಯಸ್ಸು, ಇವೆಲ್ಲ ಈ ರೋಗಕ್ಕೆ ಕೈಜೋಡಿಸಬಹುದು, ಇದೇ ಕಾರಣವೆಂದು ಒಂದನ್ನೇ ತೋರಿಸಲಾಗದು. ಆದರೆ ಒಂದೇ ಮನೆಯಲ್ಲಿ ಮೂವರೆಂದರೆ ಕಾಯಬಾರದು ಎಂದರು. ಆ ವಾರವೇ ಆಪರೇಷನ್ ಆಯಿತು. ಗಂಟು ಇನ್ನೂ ಚಿಕ್ಕದಿತ್ತು.

ಮಗಳ ಸಂಬಂಧ ಮುರಿದುಬಿತ್ತು. ಅಕ್ಕ ಎರಡು ವರ್ಷ ನನ್ನ ಮುಖ ನೋಡಲಿಲ್ಲ. ಮಗಳಿಗೆ ಬೇರೆ ಕಡೆ ಮದುವೆಯಾದ ಮೇಲೆ ಒಂದು ದಿನ ತಾನಾಗಿಯೇ ಬಂದು, ನಾನು ಕೊಟ್ಟ ಕಾಫಿ ಮುಟ್ಟದೆ ಕೇಳಿದಳು.

"ನನ್ ವಿಷ್ಯದಲ್ಲಿ ಡಾಕ್ಟ್ರಿಗೆ ಹೇಳ್ದೋಳು, ಅವತ್ತು ಅಪ್ಪನ್ ವಿಷ್ಯದಲ್ಲಿ ಯಾಕೆ ಹೇಳ್ಲಿಲ್ಲ?"

ನಿನ್ನ ಮದುವೆ ಆಗಬೇಕಿತ್ತಲ್ಲ ಎನ್ನುವ ಬದಲು, ಆರಿದ ಕಾಫಿಯನ್ನು ಬಿಸಿ ಮಾಡಲು ಎತ್ತಿಕೊಂಡೆ.