ಭಾವನ ಪಾಸ್‌ವರ್ಡ್

ನಮ್ಮ ಭಾವನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಅಡುಗೆಮನೆಗೆ. ನೋಡುತ್ತ ಕೂತವರಿಗೇ ಕಾಲು ನೋವು ಬರಬೇಕು. ಕಣ್ಣು ಕಾಣದವರು ತಡವರಿಸಿಕೊಂಡು ನಡೆಯುತ್ತಾರೆ ಎಂದುಕೊಂಡವರು ಇವರನ್ನು ಬಂದು ನೋಡಲಿ. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಕೆಟ್ಟ ಜ್ವರ ಬಂದು ದೃಷ್ಟಿ ಹೋಯಿತಂತೆ. ದೃಷ್ಟಿ ಹೋಯಿತೇ ಹೊರತು ಅವಸರ ಹೋಗಲಿಲ್ಲ. ನಾನು ಅವರ ಹೆಂಡತಿಯ ತಂಗಿ, ಅದೇ ಮನೆಯ ಮಹಡಿಯ ಮೇಲೆ ಇದ್ದೇನೆ. ಹಾಗಾಗಿ ಈ ಓಡಾಟವನ್ನೆಲ್ಲ ನೋಡುವ ಕರ್ಮ ನನ್ನದು.

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಅವರ ಕೆಲಸ. ಹೊರಗಿನಿಂದ ಬಂದ ಕರೆಯನ್ನು ಬೇಕಾದ ವಾರ್ಡಿಗೆ, ಬೇಕಾದ ಡಾಕ್ಟರಿಗೆ ಕೊಡುವುದು. ಯಾವ ಡಾಕ್ಟರ್ 'ಹಲೋ' ಅನ್ನುವ ಮೊದಲು ಕೆಮ್ಮುತ್ತಾರೆ, ಯಾವ ನರ್ಸ್ ಇವತ್ತು ಸಿಡುಕುತ್ತಿದ್ದಾಳೆ, ಎಲ್ಲ ಗೊತ್ತು. "ದನಿ ಕೇಳಿದ್ರೆ ಸಾಕು, ಮನುಷ್ಯ ಎಂಥೋನು ಅಂತ ಹೇಳ್ಬಿಡ್ತೀನಿ" ಎನ್ನುವುದು ಅವರ ಜಂಬ. ಅಕ್ಕನನ್ನೂ ದನಿ ಕೇಳಿಯೇ ಒಪ್ಪಿದ್ದಂತೆ. "ಹಾಗಾದ್ರೆ ಅವತ್ತು ನಿಮಗೆ ಕಿವೀನೂ ಮಂದ ಆಗಿತ್ತು ಬಿಡಿ ಭಾವ" ಎಂದು ನಾನು ಅವಳ ಎದುರೇ ಛೇಡಿಸುವುದುಂಟು.

ಅವರು ಕೂತಲ್ಲೇ ಕೂರುತ್ತಿದ್ದ ಜಾಗ ಒಂದೇ, ಮೂಲೆಯ ಕೋಣೆಯ ಆ ಮುದಿ ಕಂಪ್ಯೂಟರಿನ ಮುಂದೆ. ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರಲ್ಲಿದೆ. ನೆಗಡಿಯಾದವನಂತೆ ಮೂಗಿನಲ್ಲಿ ಮಾತಾಡುವ ಗಂಡಸಿನ ದನಿ. ಮೌಸ್ ಮುಟ್ಟುವಂತೆಯೇ ಇಲ್ಲ, ಎಲ್ಲ ಕೀಬೋರ್ಡಿನ ಮೇಲೆಯೇ. ಅದನ್ನು ಮಾಡಿದ ಕಂಪನಿ ಕೈತೊಳೆದುಕೊಂಡು ಎಷ್ಟೋ ಕಾಲವಾಗಿತ್ತು. ರಿಪೇರಿ ಇಲ್ಲ, ಅಪ್‌ಡೇಟ್ ಇಲ್ಲ. ಹೊಸ ಕಂಪ್ಯೂಟರಿನಲ್ಲಿ ಆ ದನಿ ಕೆಲಸ ಮಾಡುವುದಿಲ್ಲ. ಹೊಸ ದನಿ, ಹೊಸ ಗುಂಡಿಗಳು, ಎಲ್ಲ ಮೊದಲಿಂದ ಕಲಿಯಬೇಕು. ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಬ್ಯಾಂಕಿನ ವ್ಯವಹಾರವೆಲ್ಲ ಅದರಲ್ಲೇ. ಇಯರ್‌ಫೋನನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದರು. ಪಾಸ್‌ವರ್ಡ್ ಅಕ್ಕನಿಗೂ ಹೇಳಿಲ್ಲ.

"ನಾನೇನು ಕಳ್ಳೀನಾ?" ಎಂದು ಅವಳು ಎಷ್ಟು ಸಲ ಜಗಳ ತೆಗೆದಿದ್ದಾಳೋ.

"ಅಲ್ವೇ, ನೀನು ಒಳ್ಳೆಯವಳೇ. ನಮ್ಮಣ್ಣನೂ ಒಳ್ಳೆಯವನೇ ಆಗಿದ್ದ" ಎನ್ನುತ್ತಿದ್ದರು ಭಾವ.

ಆ ಅಣ್ಣನ ಕಥೆ ಇಷ್ಟೇ. ಮದುವೆಗೆ ಮೊದಲು ಭಾವನ ಸಂಬಳವೆಲ್ಲ ಅವನ ಕೈಗೆ. ನುಂಗಿದ ಅಂತಲ್ಲ, ನೋಡಿಕೊಂಡ. ಆದರೆ ದುಡಿಯುವ ಗಂಡಸು ತಲೆಕೂದಲು ಕತ್ತರಿಸಿಕೊಳ್ಳಲೂ ಅಣ್ಣನ ಮುಂದೆ ಕೈಚಾಚಬೇಕಿತ್ತು. ಬ್ಯಾಂಕಿಗೆ ಹೋದರೆ ಹೆಬ್ಬೆಟ್ಟು ಒತ್ತಿಸಿಕೊಂಡು, ಖಾತೆಯಲ್ಲಿ ಎಷ್ಟಿದೆ ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಓದುತ್ತಿದ್ದರು. ಈ ಕಂಪ್ಯೂಟರ್ ಬಂದ ಮೇಲೆಯೇ ಭಾವ ತಮ್ಮ ದುಡ್ಡಿಗೆ ತಾವೇ ಯಜಮಾನರಾದದ್ದು. ಅದಕ್ಕೇ ಆ ಹಟ. ಅವರು ಹುಷಾರಾಗಿಯೂ ಇದ್ದರು. ಬ್ಯಾಂಕಿನ ವಿಳಾಸವನ್ನು ಪ್ರತಿ ಸಲ ತಾವೇ ಟೈಪ್ ಮಾಡುವರು. ಮೇಲ್‌ನಲ್ಲಿ ಬಂದ ಲಿಂಕ್ ಒತ್ತುವವರಲ್ಲ. ಕೆಲಸ ಮುಗಿದರೆ ಇಂಟರ್ನೆಟ್ಟಿನ ವೈರನ್ನೇ ಕಿತ್ತಿಡುವರು.

ಹೀಗಿರುವಾಗ ಬ್ಯಾಂಕಿನಿಂದ ಸೂಚನೆ ಬಂತು. ಇಷ್ಟು ಹಳೆಯ ಕಂಪ್ಯೂಟರ್ ಸುರಕ್ಷಿತವಲ್ಲ, ಇನ್ನು ಸ್ವಲ್ಪ ದಿನದಲ್ಲಿ ಅದರಲ್ಲಿ ನಮ್ಮ ಪುಟ ತೆರೆಯುವುದಿಲ್ಲ ಎಂದು. ಅವತ್ತಿನಿಂದ ಭಾವನ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಊಟದ ನಡುವೆ ಎದ್ದು ಹೋಗಿ ಖಾತೆ ತೆರೆದು, ಇನ್ನೂ ತೆರೆಯುತ್ತದೆ ಎಂದು ಖಾತ್ರಿ ಮಾಡಿಕೊಂಡು ಬರುವರು. ಬೆರಳು ಮೇಜಿನ ಮೇಲೆ ಟಕಟಕ. ಅಕ್ಕನಿಗೆ ತಲೆ ಚಿಟ್ಟು ಹಿಡಿದುಹೋಯಿತು. "ಬ್ಯಾಂಕಿನೋರೇ ಬೇಡ ಅಂತಿದಾರೆ, ನನಗಾದ್ರೂ ಕೊಟ್ಟು ನೆಮ್ಮದಿಯಾಗಿರ್ರೀ!" ಎಂದಳು. ಅವರು ಎದ್ದು ಕಿಟಕಿಯ ಕಡೆ ಹೊರಟರು.

ಒಂದು ರಜೆಯ ಮಧ್ಯಾಹ್ನ, ಈ ಹಳೆಯದನ್ನೇ ಇನ್ನಷ್ಟು ದಿನ ನಡೆಸುವ ಉಪಾಯ ಏನಾದರೂ ಇದೆಯೇ ಎಂದು ಇಂಟರ್ನೆಟ್ಟಿನಲ್ಲಿ ಹುಡುಕುತ್ತ ಕೂತಿದ್ದರು. ಎಲ್ಲೋ ಏನೋ ಒತ್ತಿದ್ದಾರೆ. ಕಂಪ್ಯೂಟರ್ ಸೈರನ್ ಹಾಕಿ ಕಿರುಚಿಕೊಂಡಿತು. ಅಕ್ಕ ಕೋಣೆಯ ಬಾಗಿಲಿಗೆ ಓಡಿ ಬಂದಳು, ನಾನೂ ಮಹಡಿಯಿಂದ ಇಳಿದು ಬಂದೆ. 'ನಿಮ್ಮ ಬ್ಯಾಂಕ್ ಖಾತೆ ಅಪಾಯದಲ್ಲಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂದು ಮೂಗಿನ ದನಿ ಓದಿತಂತೆ. ಮೊದಲೇ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಮನುಷ್ಯ, ಫೋನನ್ನು ಸ್ಪೀಕರಿಗೆ ಹಾಕಿ ಮಾಡಿಯೇಬಿಟ್ಟರು.

ಫೋನೆತ್ತಿದವನ ಮಾತೋ, ಬೆಣ್ಣೆ. ನಿಧಾನ, ವಿನಯ, ಮಾತಿಗೊಂದು 'ಸಾರ್'. ಭಾವನ ಮುಖದ ಗಂಟು ಬಿಚ್ಚಿತು. "ಖಾತೆಗೆ ಏನೂ ಆಗಿಲ್ಲ ಅಂತ ನೀವೇ ತೆರೆದು ನೋಡಿ ಸಾರ್. ಪಾಸ್‌ವರ್ಡ್ ಮಾತ್ರ ನನಗೆ ಹೇಳ್ಬೇಡಿ, ಯಾರಿಗೂ ಹೇಳ್ಬೇಡಿ" ಎಂದ. ಅಲ್ಲಿಗೆ ಭಾವ ಬಿದ್ದರು. "ನೋಡಿದ್ಯಾ? ಇದು ಮನುಷ್ಯ ಅಂದ್ರೆ" ಎಂದು ಅಕ್ಕನ ಕಡೆ ಮುಖ ತಿರುಗಿಸಿ ಬೀಗಿದರು. ಎಂದಿನಂತೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಖಾತೆ ತೆರೆದರು.

ಆಮೇಲೆ ನೀಲಿ ಚೌಕ ಒತ್ತಿ ಎಂದ. ಆ ಚೌಕವನ್ನು ಕಂಪ್ಯೂಟರಿನ ದನಿ ಓದುತ್ತಿರಲಿಲ್ಲ.

"ನನಗೆ ಕಣ್ಣು ಕಾಣಲ್ಲಪ್ಪ."

"ಅಯ್ಯೋ, ಪರವಾಗಿಲ್ಲ ಸಾರ್. ಮನೇಲಿ ಬೇರೆ ಯಾರಾದ್ರೂ ಇದಾರಾ?"

ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಕೋಣೆಗೆ ಅವಳನ್ನು ಕರೆದಿದ್ದರು. ಭಾವನ ಫೋನನ್ನು ಒಂದು ಕೈಯಲ್ಲಿ ಹಿಡಿದು, ಅವನು ಹೇಳಿದ ಚೌಕಗಳನ್ನೆಲ್ಲ ಮೌಸ್ ಹಿಡಿದು ಒತ್ತಿದಳು. ಪರದೆ ಕಪ್ಪಾಯಿತು. "ಈಗ ಒಳಗೆಲ್ಲ ಕ್ಲೀನ್ ಆಗ್ತಿದೆ ಅಮ್ಮ. ಏನನ್ನೂ ಮುಟ್ಟಬೇಡಿ" ಎಂದ. ಅಕ್ಕ, ನಾನು, ಇಬ್ಬರೂ ಕಣ್ಣು ಬಿಟ್ಟುಕೊಂಡು ಆ ಕಪ್ಪನ್ನೇ ನೋಡುತ್ತ ನಿಂತೆವು.

ಅಕ್ಕನ ಕೈಯ ಫೋನಿಗೆ ಟಿಂಗ್ ಎಂದು ಮೆಸೇಜ್ ಬಂತು. "ಅದು ಕ್ಲೀನಿಂಗ್ ನಂಬರ್ ಅಮ್ಮ, ಸ್ವಲ್ಪ ಓದಿ" ಎಂದ. ಅಕ್ಕ ಕನ್ನಡಕ ಸರಿಮಾಡಿಕೊಂಡು, "ನಾಲ್ಕು, ಒಂದು..." ಎಂದು ಶುರುಮಾಡಿದಳು.

"ಬಾಯಿ ಮುಚ್ಚೇ!"

ಆ ಮನೆಯಲ್ಲಿ ಅಂಥ ಕೂಗನ್ನು ನಾನು ಕೇಳಿರಲಿಲ್ಲ. ಭಾವ ಅಕ್ಕನ ಕೈಯಿಂದ ಫೋನ್ ಕಸಿದು ನೆಲಕ್ಕೆ ಒಗೆದು, ಮೇಜಿನ ಹಿಂದೆ ಕೈಹಾಕಿ ಸಿಕ್ಕ ವೈರನ್ನೆಲ್ಲ ಕಿತ್ತರು. ಕುರ್ಚಿ ಮಗುಚಿತು. ನಮಗೆ ಕಂಡದ್ದು ಕಪ್ಪು ಪರದೆ ಮಾತ್ರ. ಆದರೆ ಆ ಚೌಕಗಳಿಂದ ಕಂಪ್ಯೂಟರನ್ನೇ ತನ್ನ ಕೈಗೆ ತೆಗೆದುಕೊಂಡು ಪರದೆ ಮುಚ್ಚಿದವನಿಗೆ ಮೂಗಿನ ದನಿಯ ಸಂಗತಿ ಗೊತ್ತಿರಲಿಲ್ಲ. ಅವನು ಮರೆಯಲ್ಲಿ ಒತ್ತುತ್ತಿದ್ದುದನ್ನೆಲ್ಲ ಅದು ತನ್ನ ಪಾಡಿಗೆ ಭಾವನ ಕಿವಿಯಲ್ಲಿ ಓದುತ್ತಲೇ ಇತ್ತು. ಹೊಸ ಖಾತೆದಾರರನ್ನು ಸೇರಿಸಿ. ಹೆಸರು. ಮೊತ್ತ. ಹಣ ಕಳುಹಿಸಿ.

ಬ್ಯಾಂಕಿಗೆ ಫೋನ್ ಮಾಡಿ ಖಾತೆ ನಿಲ್ಲಿಸಿದೆವು. ದುಡ್ಡು ಉಳಿಯಿತು. ಭಾವ ಉಳಿಯಲಿಲ್ಲ ಅನ್ನಬೇಕು. ಓಡಾಟವೇ ನಿಂತುಹೋಯಿತು! ಕೆಲಸದಿಂದ ಬಂದು ಗೋಡೆಯ ಕಡೆ ಮುಖ ಮಾಡಿ ಕೂರುವರು. "ದನಿ ಕೇಳಿ ಹೇಳ್ತೀನಿ ಅಂತಿದ್ನಲ್ಲ ನಾನು" ಎಂದು ಒಂದೇ ಸಲ ಅಂದರು. ಅವರು ಓಡಾಡುವಾಗ ಬೈಯುತ್ತಿದ್ದ ಅಕ್ಕನೇ ಈಗ ಅವರಂತೆಯೇ ಬಾಗಿಲಿಗೂ ಕಿಟಕಿಗೂ ತಿರುಗತೊಡಗಿದಳು.

ಖಾತೆ ಮತ್ತೆ ತೆರೆಸಲು ಮೂವರೂ ಬ್ಯಾಂಕಿಗೆ ಹೋದೆವು. ಮೇಜಿನ ಹಿಂದಿದ್ದವರು ಒಳ್ಳೆಯವರೇ. "ಆ ಕಂಪ್ಯೂಟರ್ ಚಿಲಕ ಇಲ್ಲದ ಮನೆ ಇದ್ದ ಹಾಗೆ. ನೀವು ಎಷ್ಟು ಹುಷಾರಾಗಿದ್ರೂ ಅಷ್ಟೇ, ಅದರಲ್ಲಿ ಇನ್ನು ಬ್ಯಾಂಕ್ ಬೇಡ" ಎಂದರು. ಆಮೇಲೆ ಭಾವನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ಅಮ್ಮಾ, ಇವರಿಗೆ ಯಾಕೆ ಈ ತಾಪತ್ರಯ? ವ್ಯವಹಾರ ಎಲ್ಲ ನಿಮ್ಮ ಕೈಗೇ ಮಾಡಿಕೊಡ್ಲಾ?"

ಭಾವ ತಲೆ ಎತ್ತಲಿಲ್ಲ. "ಮಾಡಿಕೊಡಿ" ಎಂದರು. ಹೆಬ್ಬೆಟ್ಟು ಒತ್ತಲು ಕೈಯನ್ನೂ ಮುಂದೆ ಚಾಚಿದರು.

ಅಕ್ಕ ಇದನ್ನು ಬಯಸಿದ್ದವಳು, ಇದಕ್ಕಾಗಿ ಜಗಳವಾಡಿದವಳು. ಆ ಚಾಚಿದ ಕೈಯನ್ನು ನೋಡಿದಳು, ನೋಡಿ ಅವಳ ಮುಖ ಕೆಂಪಾಯಿತು.

"ಯಾಕೆ? ಅವತ್ತು ಅವನು ಹೇಳಿದ್ದನ್ನೆಲ್ಲ ಒತ್ತಿದೋಳು ನಾನು. ನಂಬರ್ ಓದ್ತಿದ್ದೋಳೂ ನಾನೇ. ಇವರು ಕೇಳಿಸ್ಕೊಂಡ್ರು, ಅದಕ್ಕೆ ಉಳೀತು. ಹೊಸ ಕಂಪ್ಯೂಟರ್ ತಗೋತೀವಿ, ಇವರೇ ಕಲೀತಾರೆ. ಇನ್ನೇನು ಕೇಳೋದಿದ್ರೂ ಇವರನ್ನೇ ಕೇಳಿ ಸಾರ್."

ಭಾವ ಕೈ ಹಿಂದಕ್ಕೆ ತೆಗೆದುಕೊಂಡರು.

ಹೊಸ ಕಂಪ್ಯೂಟರ್ ಬಂತು. ಅದರದ್ದು ಹೆಂಗಸಿನ ದನಿ, ಭಾರಿ ಅವಸರದ್ದು. ಹೊಸ ಪಾಸ್‌ವರ್ಡ್ ಹಾಕುವ ದಿನ ಭಾವ ಒಳಗೆ ಕೂತರು, ಅಕ್ಕ ಹೊರಗಿನಿಂದ ಬಾಗಿಲು ಎಳೆದುಕೊಂಡಳು. ಒಳಗೆ ಗುಂಡಿಗಳ ಸದ್ದು, ತಪ್ಪಾಗಿದೆ ಎನ್ನುವ ಸದ್ದು, ಭಾವ ಗೊಣಗುವ ಸದ್ದು. ಮತ್ತೆ ತಪ್ಪು. ಮತ್ತೆ ತಪ್ಪು. ನನಗೆ ತಡೆಯಲಾಗಲಿಲ್ಲ. "ಅಕ್ಕ, ನಾನೊಂಚೂರು ಹೋಗಿ ನೋಡಿ ಬರ್ಲಾ?" ಎಂದೆ.

"ಒಳಗೆ ಕಾಲಿಟ್ರೆ ಕಾಲು ಮುರೀತೀನಿ" ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.