ಅಣ್ಣನ ಸಾಕ್ಷಿ

ನಮ್ಮ ಯಜಮಾನರು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನೂಲು ಸಿಗದೆ ಮಗ್ಗ ಸುಮ್ಮನೆ ನಿಂತಿತ್ತು. ಗಾರೆ ಮೇಸ್ತ್ರಿಯಾಗಿದ್ದ ನನ್ನ ಒಡಹುಟ್ಟಿದ ಅಣ್ಣ ಬಂದು, "ಯಳಂದೂರಲ್ಲಿ ಅಕ್ಕಿ ಗಿರಣಿ ಕಟ್ತಾವ್ರೆ, ಇಬ್ರೂ ಬನ್ನಿ" ಅಂದ. ನಾನು ಗಾರೆ ಹೊತ್ತೆ, ಅವರು ಇಟ್ಟಿಗೆ ಎತ್ತಿಕೊಟ್ಟರು. "ಈ ಒರಟು ಬೆರಳಿಗೆ ಇನ್ಮೇಲೆ ರೇಷ್ಮೆ ಎಳೆಯೆಲ್ಲ ಸಿಕ್ಕಾಕತ್ತದೆ" ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಗೋಡೆಗೆ ಕಟ್ಟಿದ್ದ ಬಿದಿರಿನ ಸಾರವೆ ಕಳಚಿತು. ಮೇಲಿದ್ದ ಅವರು ಇಟ್ಟಿಗೆಗಳ ಜೊತೆಗೇ ಕೆಳಗೆ ಬಿದ್ದರು. ಸಾರವೆಯ ಹಗ್ಗ ಲಡ್ಡಾಗಿದೆ, ಬದಲಾಯಿಸಿ ಎಂದು ಅಣ್ಣನೇ ಹಿಂದೆ ಕಂಟ್ರಾಕ್ಟರಿಗೆ ಹೇಳಿದ್ದ. ಅವರನ್ನು ಹೊತ್ತು ಗಾಡಿಗೆ ಹಾಕಿದವನೂ ಅವನೇ. ಆಸ್ಪತ್ರೆಯಲ್ಲಿ ನನಗಿಂತ ಜೋರಾಗಿ ಅತ್ತ.

"ಸುಮ್ಕಿರಬ್ಯಾಡ ಕಣವ್ವ. ಪರಿಹಾರಕ್ಕೆ ಅರ್ಜಿ ಆಕು. ನಾನೇ ಸಾಕ್ಷಿ ಏಳ್ತೀನಿ" ಅಂದ.

ಅವನ ಮಾತು ನಂಬಿಯೇ ಅರ್ಜಿ ಹಾಕಿದೆವು. ಮುರಿದ ಕಾಲಿನ ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲಿಲ್ಲ. ಮಗ್ಗದ ಗುಂಡಿಯಲ್ಲಿ ಕೂತು ಕಾಲಲ್ಲಿ ತುಳಿಯಬೇಕಲ್ಲ, ನೇಯ್ಗೆಯೂ ಹೋಯಿತು.

ಲೇಬರ್ ಆಫೀಸಿನಲ್ಲಿ ವಿಚಾರಣೆ ನಡೆದ ದಿನ ಕಂಟ್ರಾಕ್ಟರು, ಇವರು ತನ್ನ ಆಳೇ ಅಲ್ಲ ಎಂದ. ಉಳಿದ ಕೂಲಿಯವರು ಗಡಿಯಾಚೆಯ ತಮ್ಮ ಊರುಗಳಿಗೆ ಹೋಗಿಬಿಟ್ಟಿದ್ದರು. ನಾನು ಹೆದರಲಿಲ್ಲ, ಅಣ್ಣ ಬಂದಿದ್ದನಲ್ಲ. ಆಫೀಸರು ಅವನನ್ನು ಕರೆದು, ನಿಮ್ಮ ಬಾವ ಅಲ್ಲಿ ಕೆಲಸಕ್ಕಿದ್ದರೇ ಎಂದು ಕೇಳಿದರು.

"ಇಲ್ಲ ಸಾ. ಕೆಲ್ಸುಕ್ಕೆ ಬತ್ತಿದ್ದೋಳು ನನ್ ತಂಗಿ. ಬಾವ ಅವಳ್ಗೆ ಬುತ್ತಿ ತಕಂಡು ಬಂದಿದ್ರು. ಬ್ಯಾಡ ಅಂದ್ರೂ ಸಾರವೆ ಅತ್ತುದ್ರು."

"ಅಣ್ಣಾ!" ಎಂದು ಕೂಗಿಕೊಂಡೆ. ಅವನು ತಲೆ ಎತ್ತಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳಿದೆ, ಹೆಂಡತಿಯ ಮಾತೆಂದು ಅದು ಸಾಕ್ಷಿಯಾಗಿ ನಿಲ್ಲಲಿಲ್ಲ. ಯಜಮಾನರು ಊರುಗೋಲಿನ ಮೇಲೆ ಭಾರ ಬಿಟ್ಟು ಅಣ್ಣನನ್ನೇ ನೋಡುತ್ತಿದ್ದರು.

ಹೊರಗೆ ಬೇವಿನ ಮರದ ಹತ್ತಿರ ಅಣ್ಣನ ದಾರಿಗೆ ಅಡ್ಡ ನಿಂತೆ.

"ಕಂಟ್ರಾಕ್ಟ್ರು ಅನೂರಲ್ಲಿ ಇಡ್ದಿರೋ ಕಟ್ಟಡದ್ ಕೆಲ್ಸ ನಂಗೇ ಕೊಡ್ತೀನಿ ಅಂದವ್ರೆ ಕಣವ್ವ. ನಿಜ ಏಳಿದ್ರೆ ನನ್ ಮಕ್ಳು ಏನ್ ತಿನ್ಬೇಕು? ನಿಮ್ಮನ್ನ ನಾನ್ ನೋಡ್ಕತೀನಿ."

"ನನ್ ಮಕ್ಳು ಏನ್ ತಿನ್ಬೇಕಣ್ಣ?"

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಪರಿಹಾರ ಸಿಗಲಿಲ್ಲ. ಅಣ್ಣನಿಗೆ ಹನೂರಿನ ಕೆಲಸ ಸಿಕ್ಕಿತು. ಕೆಲವು ಕಾಲ ರಾಗಿ ಕಳಿಸಿದ, ಆಮೇಲೆ ಅದೂ ನಿಂತಿತು. ಗೌರಿ ಹಬ್ಬಕ್ಕೆ ಮಾತ್ರ ಬಾಗಿನ ಹಿಡಿದುಕೊಂಡು ಬಾಗಿಲಿಗೆ ಬಂದ. ನಾನು ಒಳಗೇ ನಿಂತಿದ್ದೆ.

"ಇಸ್ಕೊ. ನನ್ ಕಾಲಿಂದ ನಿನ್ ತವರು ತಪ್ಪಬ್ಯಾಡ" ಎಂದರು ಯಜಮಾನರು.

ಅವರ ಮಾತಿಗೆ ಈಸಿಕೊಂಡೆ. ಆದರೆ, ಒಳಗೆ ಬಾ, ಉಂಡು ಹೋಗು ಅನ್ನಲು ನಾಲಿಗೆ ಹೊರಳಲಿಲ್ಲ. ಯಜಮಾನರು ಬದುಕಿರುವವರೆಗೂ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟರು. ನಾನು ಗಾರೆ ಕೆಲಸ ಬಿಡಲಿಲ್ಲ. ಅಣ್ಣನ ಕೈಕೆಳಗೆ ಮಾತ್ರ ಮತ್ತೆ ಹೋಗಲಿಲ್ಲ.