ಆರ್ಗನ್‌ನವರ ಪರ ವಾದಿಸುತ್ತಿದ್ದ ಇಬ್ಬರು

ಮೂವತ್ತಾರು ಎಲ್‌ಪಿ ರೆಕಾರ್ಡುಗಳಿಗೆ ನಾನು ಕೊಟ್ಟದ್ದು ಒಂಬೈನೂರು ರೂಪಾಯಿ. ಅವತ್ತಿನ ಮಾರುಕಟ್ಟೆಯಲ್ಲಿ ಅದರ ಮೂರು ಪಟ್ಟು ಕೊಟ್ಟರೂ ನಷ್ಟವಿರಲಿಲ್ಲ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ನಾನು ಚೌಕಾಸಿಯಲ್ಲಿ ಗೆದ್ದೆ ಅಂತಲ್ಲ. ಮಾರಿದವರು ಚೌಕಾಸಿಯನ್ನೇ ಮಾಡಲಿಲ್ಲ, ಅದಕ್ಕೆ.

ತೊಂಬತ್ತರ ದಶಕದಲ್ಲಿ ಶಿವಾಜಿನಗರದಲ್ಲಿ ನನ್ನದೊಂದು ಅಂಗಡಿ ಇತ್ತು. ಅಂಗಡಿ ಅಂದರೆ ಎರಡು ಮೆಟ್ಟಿಲು, ಒಂದು ಶಟರು, ಒಳಗೆ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಜಾಗ. ಹಳೇ ಟೇಪ್ ರೆಕಾರ್ಡರು, ಸ್ಪೀಕರು, ಕ್ಯಾಸೆಟ್ಟು, ರೆಕಾರ್ಡು ಕೊಂಡು, ಒರೆಸಿ, ರಿಪೇರಿ ಮಾಡಿ ಮಾರುತ್ತಿದ್ದೆ. ರಾಣೆಬೆನ್ನೂರಿನಿಂದ ಬಂದಾಗ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ರಾಕ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ. ನನ್ನನ್ನು ಅದಕ್ಕೆ ಹಚ್ಚಿದ್ದು ಕಸುಬು. ಟೇಪ್ ರೆಕಾರ್ಡರಿನ ಮೋಟಾರು ಸಮನಾಗಿ ಓಡುತ್ತಿದೆಯೋ ಇಲ್ಲವೋ ನೋಡಬೇಕಾದರೆ, ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ನಿಲ್ಲಿಸುವ ಹಾಡು ಬೇಕು. ಮೋಟಾರು ಕೂದಲೆಳೆಯಷ್ಟು ತಡವರಿಸಿದರೂ ಆ ಸ್ವರ ಅಲ್ಲಾಡುತ್ತೆ. ಡ್ರಮ್ಮಿನ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತೆ. ಹಾಗೆ ಹುಡುಕುವಾಗ ಕೈಗೆ ಸಿಕ್ಕಿದ್ದು ಎಪ್ಪತ್ತರ ದಶಕದ ಒಂದು ಬ್ಯಾಂಡಿನ ಕ್ಯಾಸೆಟ್ಟು. ಅದರಲ್ಲಿ ಆರ್ಗನ್, ಅಂದರೆ ಹಾರ್ಮೋನಿಯಂನಂಥದೇ ದೊಡ್ಡ ವಾದ್ಯ, ನುಡಿಸುವವನು ಒಂದು ಸ್ವರ ಹಿಡಿದರೆ ನಾನು ಸ್ಕ್ರೂ ತಿರುಗಿಸಿ ಮುಗಿಸುವ ತನಕ ಬಿಡುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಕೇಳಿದೆ. ವರ್ಷ ತುಂಬುವಷ್ಟರಲ್ಲಿ, ಪರೀಕ್ಷೆ ಮುಗಿದ ಮೇಲೂ ಆಫ್ ಮಾಡದೆ ಕೇಳುತ್ತಾ ಕೂರುತ್ತಿದ್ದೆ.

ಬ್ಯಾಂಡಿನ ಹೆಸರು ಬರೆಯುವುದಿಲ್ಲ. ಬರೆದರೆ ಈಗಲೂ ಜಗಳಕ್ಕೆ ಬರುವವರಿದ್ದಾರೆ. ನಮ್ಮ ಅಂಗಡಿಯಲ್ಲಿ ಅವರು ‘ಆರ್ಗನ್‌ನವರು’, ಅಷ್ಟೇ.

ಒಂದು ಸಂಜೆ ಕುಕ್ ಟೌನಿನಿಂದ ಒಬ್ಬರು ರೆಕಾರ್ಡ್ ಪ್ಲೇಯರಿನ ಮುಳ್ಳು ಕೇಳಿಕೊಂಡು ಬಂದರು. ಯಾವುದೋ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಆಗಲೂ ಎರಡು ಪೆನ್ಸಿಲು. ಹಾಡು ಕೇಳಿ ನಿಂತರು.

“ಇದನ್ನ ಯಾಕ್ರೀ ಹಾಕಿದ್ದೀರ?”

ಇದ್ದದ್ದನ್ನು ಹೇಳಿದೆ. ಅವರು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. “ಇಪ್ಪತ್ತು ವರ್ಷದಿಂದ ಈ ಬ್ಯಾಂಡ್ ಪರ ವಾದ ಮಾಡ್ತಿದ್ದೀನಿ. ಈ ಕಾರಣ ಮಾತ್ರ ನನಗೂ ಹೊಳೆದಿರ್ಲಿಲ್ಲ.”

ಅಲ್ಲಿಂದ ಆರು ವರ್ಷ, ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಬರುತ್ತಿದ್ದರು. ಎಪ್ಪತ್ತರ ದಶಕದ ಅತ್ಯುತ್ತಮ ಬ್ಯಾಂಡ್ ಯಾವುದು ಅನ್ನುವುದೇ ವಿಷಯ. ಅವರೂ ನಾನೂ ಆರ್ಗನ್‌ನವರ ಪರ, ಎದುರು ಪಕ್ಷ ನನ್ನ ಪಕ್ಕದ ರೆಡಿಮೇಡ್ ಶರ್ಟಿನ ಅಂಗಡಿಯವನು. ಅವನದು ‘ಗುಡುಗಿನವರು’, ಡ್ರಮ್ ಬಾರಿಸುವವನೇ ಯಜಮಾನ ಆಗಿದ್ದ ಬ್ಯಾಂಡು.

“ಕ್ಯಾ ಸಾಬ್, ನಿಮ್ಮ ಆರ್ಗನ್ ಹಾಕಿದ್ರೆ ನನ್ನ ಗಿರಾಕಿಗೆ ನಿದ್ದೆ ಬರುತ್ತೆ,” ಅನ್ನುತ್ತಿದ್ದ. “ಗುಡುಗು ಹಾಕಿ ನೋಡಿ. ಎರಡು ಶರ್ಟ್ ಜಾಸ್ತಿ ಹೋಗುತ್ತೆ.”

“ಶರ್ಟ್ ಮಾರೋದೇ ಸಂಗೀತ ಅಂದ್ರೆ, ಬಸ್ ಸ್ಟ್ಯಾಂಡಿನ ಕಂಡಕ್ಟರೇ ದೊಡ್ಡ ಗಾಯಕ ಕಣಯ್ಯಾ,” ಅನ್ನುತ್ತಿದ್ದರು ಕುಕ್ ಟೌನಿನವರು.

“ಹೌದಲ್ಲ ಮತ್ತೆ? ಅವನ ಗಂಟಲು ಕೇಳಿದ್ದೀರಾ?”

ಎರಡು ಟೀ ತರಿಸಿ ಮೂರು ಮಾಡಿಕೊಂಡು ಕುಡಿಯುತ್ತಾ ಒಂದು ಗಂಟೆ ಹೀಗೇ. ನನಗೆ ಆ ಒಂದು ಗಂಟೆ ಏನಾಗಿತ್ತು ಅನ್ನುವುದು ಆಗ ಗೊತ್ತಿರಲಿಲ್ಲ. ರಾಮಮೂರ್ತಿ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಮಾತಾಡುವವರಿರಲಿಲ್ಲ. ಮನೆ ಮಾಲೀಕರು ನೀರು ಬಂತು, ನೀರು ನಿಂತಿತು ಅಂತ ಹೇಳುತ್ತಿದ್ದರು, ಅಷ್ಟೇ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೊಳ್ಳುವ ಮಾತು ಇಲ್ಲಾ ಮಾರುವ ಮಾತು. ಶನಿವಾರ ಒಂದು ಗಂಟೆ ಮಾತ್ರ ನಾನು ಏನನ್ನೂ ಮಾರದೆ ಮಾತಾಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಅಣ್ಣತಮ್ಮಂದಿರು ಸೇರಿ ಕುಕ್ ಟೌನಿನ ಹಳೇ ಮನೆ ಮಾರಿದರು. ಇವರ ಪಾಲಿಗೆ ಬಂದದ್ದು ಹಲಸೂರಿನಲ್ಲಿ ಎರಡು ಕೋಣೆಯ ಫ್ಲಾಟು. ರೆಕಾರ್ಡುಗಳಿಗೆ ಅಲ್ಲಿ ಜಾಗವಿಲ್ಲ, ಬಂದು ನೋಡಿ ಅಂದರು. ಹೋದೆ. ಖಾಲಿ ಮಾಡುತ್ತಿದ್ದ ಕುಕ್ ಟೌನಿನ ಮನೆಯ ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಮೊದಲ ಸಾಲಿನಲ್ಲೇ ಆರ್ಗನ್‌ನವರ ಆರೂ ರೆಕಾರ್ಡು, ಪ್ಲಾಸ್ಟಿಕ್ ಹೊದಿಕೆ ಸಮೇತ.

ಹತ್ತು ವರ್ಷದ ಅಭ್ಯಾಸ ನೋಡಿ. ಕೊಳ್ಳಲು ಕೂತರೆ ನನ್ನ ಮುಖ ತಾನಾಗಿ ಸಪ್ಪಗಾಗುತ್ತೆ, ಬಾಯಿ ತಾನಾಗಿ ಮಾತಾಡುತ್ತೆ. ಒಂದನ್ನು ಎತ್ತಿ ತಿರುಗಿಸಿ ಕೆಳಗಿಟ್ಟು ಅಂದೆ:

“ಇವರನ್ನ ಈಗ ಯಾರು ಕೇಳ್ತಾರೆ ಸಾರ್? ಬರೀ ಎಳೆತ. ಗುಡುಗಿನವರದ್ದು ಇದ್ದಿದ್ರೆ ಬೇರೆ ಮಾತು. ಎಲ್ಲಾ ಸೇರಿ ಒಂಬೈನೂರು ಕೊಡಬಹುದು.”

ಇದು ಮೊದಲ ಬೆಲೆ. ಅವರು ಮೂರು ಸಾವಿರ ಅನ್ನಬೇಕು, ನಾನು ಎದ್ದು ನಿಲ್ಲಬೇಕು, ಎರಡು ಸಾವಿರದ ಹತ್ತಿರ ಎಲ್ಲೋ ಮುಗಿಯಬೇಕು. ಅವರು ನಾನು ಕೆಳಗಿಟ್ಟ ರೆಕಾರ್ಡನ್ನು ಎತ್ತಿ ಸಾಲಿಗೆ ಸೇರಿಸಿದರು.

“ಎಳೆತ ಅಂತೀರ?”

“ವ್ಯಾಪಾರದಲ್ಲಿ ಹಾಗೇ ಸಾರ್.”

“ಸರಿ. ತಗೊಂಡು ಹೋಗಿ,” ಅಂದರು. ಕಟ್ಟಲು ದಾರ ತಂದು ಕೊಟ್ಟರು. ಗಂಟು ಹಾಕುವಾಗ ದಾರದ ಮೇಲೆ ಬೆರಳಿಟ್ಟು ಹಿಡಿದುಕೊಂಡರು.

ಮೊದಲ ಬೆಲೆಗೆ ಯಾರೂ ಒಪ್ಪುವುದಿಲ್ಲ. ಒಪ್ಪಿದರೆ ಏನೋ ಕೆಟ್ಟಿದೆ ಅಂತ ಅರ್ಥ. ನನಗೆ ಗೊತ್ತಿರುವ ಕಸುಬೇ ಅದು, ಆದರೂ ಆಟೋದಲ್ಲಿ ಖುಷಿಯಾಗೇ ಕೂತು ಬಂದೆ.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. “ಎಲ್ಲಿ ಗುರು ನಿನ್ನ ವಕೀಲರು?” ಅಂತ ಶರ್ಟಿನವನು ಕೇಳಿದ. ಮನೆ ಬದಲಾಯಿಸೋ ಗಡಿಬಿಡಿ ಇರಬೇಕು ಅಂದೆ. ನಡೆದದ್ದನ್ನು ಹೇಳಿದ ಮೇಲೆ ಅವನು ನಗಲಿಲ್ಲ. “ಅಲ್ಲಾ ಮಗಾ, ಆರು ವರ್ಷ ನೀನು ಗಿರಾಕಿ ಉಳಿಸಿಕೊಳ್ಳೋಕೆ ಹೂಂ ಅಂತಿದ್ದೆ ಅಂದ್ಕೊಂಡಿರ್ತಾರೆ,” ಅಂದ.

ಜೀವನದಲ್ಲಿ ನಾನು ಲಾಭಕ್ಕಾಗಿ ಹೇಳದೇ ಇದ್ದ ಮಾತು ಆರ್ಗನ್‌ನವರು ಇಷ್ಟ ಅನ್ನುವುದೊಂದೇ ಇತ್ತು. ಅದನ್ನೇ ಅವರು ಸುಳ್ಳು ಅಂದುಕೊಂಡರು, ಹಾಗೆ ಅಂದುಕೊಳ್ಳಲು ಹೇಳಿಕೊಟ್ಟವನು ನಾನೇ.

ಮೂರನೆಯ ವಾರ ಮೂವತ್ತಾರೂ ರೆಕಾರ್ಡು ಕಟ್ಟಿಕೊಂಡು ಹಲಸೂರಿಗೆ ಹೋದೆ. ಬಾಗಿಲು ತೆರೆದರು, ಕೂರಿಸಿದರು, ಟೀ ಕೊಟ್ಟರು. ವಾಪಸು ತಂದಿದ್ದೀನಿ ಅಂದೆ. “ಪ್ಲೇಯರನ್ನೂ ಕೊಟ್ಟುಬಿಟ್ಟೆ ರೀ, ನೀವೇ ಇಟ್ಟುಕೊಳ್ಳಿ,” ಅಂದರು. ಅವತ್ತು ಹೇಳಿದ್ದು ಬಾಯಿಮಾತು ಸಾರ್, ಮನಸ್ಸಿನದ್ದಲ್ಲ ಅಂದೆ. “ಅಯ್ಯೋ, ಅದಕ್ಕೇನು,” ಅಂದರು.

ಬೇರೇನೂ ತೋಚದೆ ಅವರನ್ನು ಕೆಣಕಲು ನೋಡಿದೆ. “ಯೋಚನೆ ಮಾಡಿದ್ರೆ ಸಾರ್, ಗುಡುಗಿನವರೇ ಒಂದು ಕೈ ಮೇಲು.” ಹಿಂದೆ ಆಗಿದ್ದರೆ ಸ್ಟೂಲಿನಿಂದ ಎದ್ದೇಬಿಡುತ್ತಿದ್ದರು.

“ಇರಬಹುದು,” ಅಂದರು. “ನಿಮಗೆ ಗೊತ್ತಿರುತ್ತೆ.”

ಟೀ ಕಪ್ಪು ತೆಗೆದುಕೊಂಡು ಒಳಗೆ ಹೋದರು. ಕಟ್ಟು ಎತ್ತಿಕೊಂಡು ಇಳಿದೆ. ಅವರು ಆಮೇಲೆ ಶಿವಾಜಿನಗರಕ್ಕೆ ಬರಲಿಲ್ಲ. ಶರ್ಟಿನವನು ಕೆಲವು ಶನಿವಾರ ಆರ್ಗನ್‌ನವರನ್ನು ಬೈದು ನೋಡಿದ. ನನಗೊಬ್ಬನಿಗೇ ವಾದ ಎತ್ತಲಾಗಲಿಲ್ಲ. ಅವನೂ ಸುಮ್ಮನಾದ.

ಹಳೇ ರೆಕಾರ್ಡು ಕೊಳ್ಳುವವರಿದ್ದರೆ ಕೇಳಿ. ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ಗೀರು ನೋಡಿ. ಬಾಗಿದೆಯೋ ಅಂತ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ. ಬೆಲೆ ಇಳಿಸಬೇಕಾದರೆ ಆ ಗೀರು ತೋರಿಸಿ ಇಳಿಸಿ, ಹಾಡನ್ನು ಹಳಿದು ಇಳಿಸಬೇಡಿ. ಮಾರುವವರು ನಿಮ್ಮ ಜೊತೆ ಕೂತು ವಾದ ಮಾಡುವವರಾದರೆ ಬೆಲೆ ಹೇಳಲು ಬೇರೆ ಯಾರನ್ನಾದರೂ ಕಳಿಸಿ. ಅದೂ ಆಗದೆ, ನೀವೇ ಏನೋ ಹೇಳಿ, ಅವರು ಮೊದಲ ಬೆಲೆಗೇ ಒಪ್ಪಿಬಿಟ್ಟರೆ, ಹಣ ಎಣಿಸಬೇಡಿ. ಅಲ್ಲೇ ಕೂತು, ನಾನು ಹೇಳಿದ್ದು ಸುಳ್ಳು ಅಂತ ಅವತ್ತೇ ಹೇಳಿ. ಮೂರು ವಾರ ಬಿಟ್ಟು ಹೇಳಿದರೆ ಅದೂ ವ್ಯಾಪಾರದ ಮಾತಿನ ಹಾಗೇ ಕೇಳಿಸುತ್ತೆ.